ಕನ್ನಡದ ಮಹಿಳಾ ಕಾದಂಬರಿ: ಓದು ಮತ್ತು ವಿಮರ್ಶೆ

ಪ್ರೇಮ, ಮದುವೆ, ಸಂಸಾರ, ತವರು ಮತ್ತು ಅತ್ತೆಮನೆಗಳ ನಡುವಿನ ಎಳೆದಾಟ ಇವನ್ನು ವಸ್ತುವಾಗಿ ಮಾಡಿಕೊಂಡು, ಬಹುಮಟ್ಟಿಗೆ ಮಹಿಳೆಯರೇ ಬರೆದು ಮಹಿಳೆಯರೇ ಓದಿದ ಕಾದಂಬರಿಗಳ ದೊಡ್ಡ ರಾಶಿಯೊಂದು ಕನ್ನಡದಲ್ಲಿದೆ. ಅದಕ್ಕೆ ‘ಮಹಿಳಾ ಕಾದಂಬರಿ’, ‘ಜನಪ್ರಿಯ ಕಾದಂಬರಿ’ ಎಂಬ ಹೆಸರುಗಳ ಜೊತೆಗೆ, ಮೂಗು ಮುರಿಯುವವರು ಕೊಟ್ಟ ‘ಅಡುಗೆಮನೆ ಸಾಹಿತ್ಯ’ ಎಂಬ ಹೆಸರೂ ಅಂಟಿಕೊಂಡಿತ್ತು. ಬರೆದವರ ಚರಿತ್ರೆ ಒಂದಷ್ಟು ದಾಖಲಾಗಿದೆ. ಓದಿದವರ ಚರಿತ್ರೆ ಆಗಿಲ್ಲ. ಈ ಲೇಖನ ಓದುಗರ ಕಡೆಯಿಂದ ಹೊರಡುತ್ತದೆ. ಕೂಡ್ಲಿಗಿ, ಸುತ್ತಲ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು, ಅಂದರೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯ ಪಡುವಣ ಮತ್ತು ತೆಂಕಣ ಭಾಗ, ಇಲ್ಲಿ ಮುಖ್ಯ ನಿದರ್ಶನ.

ಹಾಡಿನಿಂದ ಅಚ್ಚಿಗೆ

ಈ ಸೀಮೆಯ ಹೆಂಗಸರಿಗೆ ಪ್ರೇಮಕಥೆ ಮೊದಲು ದಕ್ಕಿದ್ದು ಪುಸ್ತಕದಿಂದಲ್ಲ, ಹಾಡಿನಿಂದ. ಹರಪನಹಳ್ಳಿ ಭೀಮವ್ವ (1823–1903) ರಚಿಸಿದ ‘ನಳಚರಿತ್ರೆ’, ‘ಸುಭದ್ರಾ ಕಲ್ಯಾಣ’, ‘ಮುಯ್ಯದ ಹಾಡು’ಗಳು ಬಾಯಿಂದ ಬಾಯಿಗೆ ಹರಡಿದವು. ದಾಸ ಸಾಹಿತ್ಯದ ಚರಿತ್ರೆಕಾರರು ಅವುಗಳಲ್ಲಿ ಭಕ್ತಿಯನ್ನೇ ಹೆಚ್ಚು ಗುರುತಿಸುತ್ತಾರೆ. ಆದರೆ ಗಂಡ ಕಾಡಿನಲ್ಲಿ ಬಿಟ್ಟುಹೋದ ದಮಯಂತಿಯ ಪಾಡು ಹಾಡುವವರಿಗೂ ಕೇಳುವವರಿಗೂ ಭಕ್ತಿಯೊಂದರಿಂದಲೇ ಹಿಡಿಸಿತೆಂದು ನಂಬುವುದು ಕಷ್ಟ.

ಅಚ್ಚಿನ ಕಾದಂಬರಿ ಬಂದದ್ದು ಬೇರೆ ಊರುಗಳಿಂದ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಮಂಗಳೂರಿನಲ್ಲಿ ಹೊರಬಂದು ಎಳೆಯ ವಿಧವೆಯ ಮರುಮದುವೆಯನ್ನು ಕಥೆಯಾಗಿಸಿತು. ನಂಜನಗೂಡು ತಿರುಮಲಾಂಬ (1887–1982) 1913ರಲ್ಲಿ ‘ಸುಶೀಲೆ’ಯನ್ನು ಪ್ರಕಟಿಸಿದರು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಅವರು ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ತಾವೇ ನಡೆಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ಹೊರಡಿಸಿದರು. ‘ಸುಶೀಲೆ’ ಮರುಮುದ್ರಣಗಳನ್ನು ಕಂಡಿತು. ಹಾಗಿದ್ದೂ ಸಾಹಿತ್ಯ ಚರಿತ್ರೆ ಅವರನ್ನು ದಶಕಗಳ ಕಾಲ ಮರೆತೇ ಬಿಟ್ಟಿತ್ತು. ಅವರ ಇಳಿವಯಸ್ಸಿನಲ್ಲಿ ಚಿ.ನ. ಮಂಗಳಾ, ಆಮೇಲೆ ವಿಜಯಾ ದಬ್ಬೆ ಹುಡುಕಿ ತೆಗೆಯುವವರೆಗೂ ಅವರ ಹೆಸರು ಹಳೆಯ ಪುಸ್ತಕಗಳ ಧೂಳಿನಲ್ಲೇ ಇತ್ತು. ಓದುಗರು ಒಪ್ಪಿದ್ದನ್ನು ವಿಮರ್ಶೆ ಕಾಣದಿರುವ ಪರಿಪಾಠ ಶುರುವಾದದ್ದು ಇಲ್ಲಿಂದಲೇ.

ಹರಪನಹಳ್ಳಿಯಲ್ಲಿ 1947ರಲ್ಲಿ ಸಿ.ಕೆ. ವೆಂಕಟರಾಮಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಬಳ್ಳಾರಿ ಆಗ ಇನ್ನೂ ಮದರಾಸು ಪ್ರಾಂತ್ಯದಲ್ಲಿತ್ತು. ಕನ್ನಡ ಪುಸ್ತಕ ಓದುವುದಕ್ಕೂ ನಾಡು ಒಂದಾಗಬೇಕೆಂಬ ಹಂಬಲಕ್ಕೂ ನಂಟಿದ್ದ ಕಾಲವದು. ಅದೇ ಊರಿನಲ್ಲಿ ಹುಟ್ಟಿದ ಹಾಸ್ಯಲೇಖಕ ಬೀಚಿ (1913–1980) ಕನ್ನಡದ ಕಡೆ ತಲೆಹಾಕದೆ ಇಂಗ್ಲಿಷ್ ಓದಿಕೊಂಡಿದ್ದವರು, ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ ಓದಿದ ಮೇಲೆ ಕನ್ನಡಕ್ಕೆ ಒಲಿದರು. ಅನಕೃ ಜನಪ್ರಿಯ ಕಾದಂಬರಿಗೆ ಓದುಗರ ಪಡೆಯನ್ನೇ ಕಟ್ಟಿದರು. ವೇಶ್ಯೆಯರ ಬದುಕನ್ನು ಕುರಿತ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ಅಶ್ಲೀಲವೆಂಬ ಗದ್ದಲ ಎದ್ದಾಗ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಹೆಣ್ಣುಮಕ್ಕಳು ಏನು ಓದಬಹುದು ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಅದರಲ್ಲಿ ಹೆಣ್ಣುಮಕ್ಕಳ ದನಿ ಮಾತ್ರ ಕೇಳಲಿಲ್ಲ.

ತ್ರಿವೇಣಿ ಮತ್ತು ನಂತರದವರು

ತ್ರಿವೇಣಿ (ಅನಸೂಯಾ ಶಂಕರ್, 1928–1963) ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ‘ಅಪಸ್ವರ’ದಿಂದ ಮೊದಲಾಗಿ ಸುಮಾರು ಹತ್ತು ವರ್ಷಗಳಲ್ಲಿ ಇಪ್ಪತ್ತು ಕಾದಂಬರಿ ಬರೆದು, ಹೆಣ್ಣುಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ. ಪ್ರೇಮಕಾದಂಬರಿಯೆಂದರೆ ಕೊನೆಯ ಪುಟದಲ್ಲಿ ಮದುವೆ ಎಂಬ ಲೆಕ್ಕ ಅವರಲ್ಲಿ ನಡೆಯುವುದಿಲ್ಲ. ‘ಬೆಳ್ಳಿಮೋಡ’ದ ಇಂದಿರೆಗೆ ತಮ್ಮ ಹುಟ್ಟಿದೊಡನೆ, ಆಸ್ತಿ ಇನ್ನು ಅವಳಿಗೆ ಬಾರದೆಂದು ನಿಶ್ಚಿತವರ ಹಿಂದೆ ಸರಿಯುತ್ತಾನೆ. ಮುಂದೆ ಅವನು ಬಯಸಿ ಬಂದಾಗ ಅವಳು ಒಲ್ಲೆನೆನ್ನುತ್ತಾಳೆ. ‘ಶರಪಂಜರ’ದ ಕಾವೇರಿಗೆ ಬಾಣಂತಿತನದಲ್ಲಿ ಮನಸ್ಸು ಕೆಡುತ್ತದೆ. ಆಸ್ಪತ್ರೆಯಿಂದ ಗುಣವಾಗಿ ಬಂದವಳನ್ನು ಮನೆಮಂದಿ, ನೆರೆಹೊರೆ ಮತ್ತೆ ಹುಚ್ಚಿಯಾಗಿಸುವ ಬಗೆಯೇ ಕಾದಂಬರಿಯ ತಿರುಳು. ಬಾಣಂತಿಸನ್ನಿಯನ್ನು ದೆವ್ವದ ಕಾಟವೆಂದೇ ತಿಳಿಯುತ್ತಿದ್ದ ಮನೆಗಳಿಗೆ ಅದೊಂದು ಕಾಯಿಲೆ ಎಂದು ಮೊದಲು ಹೇಳಿದ ಪುಸ್ತಕಗಳಲ್ಲಿ ಇದೂ ಒಂದು. ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ವನ್ನು 1967ರಲ್ಲಿ, ‘ಶರಪಂಜರ’ವನ್ನು 1971ರಲ್ಲಿ ತೆರೆಗೆ ತಂದರು. ಅದಕ್ಕೂ ಮೊದಲೇ ‘ಬೆಕ್ಕಿನ ಕಣ್ಣು’ ಅವರ ಕೈಯಲ್ಲಿ ಮಲಯಾಳ ಚಿತ್ರವಾಗಿತ್ತು.

ತೀರ್ಥಹಳ್ಳಿಯ ಎಂ.ಕೆ. ಇಂದಿರಾ (1917–1994) ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕಷ್ಟೆ. ನಲವತ್ತೈದು ದಾಟಿದ ಮೇಲೆ, 1963ರಲ್ಲಿ, ಮೊದಲ ಕಾದಂಬರಿ ‘ತುಂಗಭದ್ರ’ ಬಂತು, 1976ರಲ್ಲಿ ‘ಫಣಿಯಮ್ಮ’. ವೈದ್ಯೆ ಅನುಪಮಾ ನಿರಂಜನ (1934–1991) ಕಾದಂಬರಿಗಳ ಜೊತೆಗೆ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಯಂತಹ ಪುಸ್ತಕಗಳನ್ನೂ ಬರೆದರು. ಓದುಗಿತ್ತಿಯರಿಗೆ ಅವೆಲ್ಲ ಒಂದೇ ನಂಬಿಕೆಯ ದನಿ. ವಾಣಿ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ಸಾಯಿಸುತೆ ಎಪ್ಪತ್ತು–ಎಂಬತ್ತರ ದಶಕಗಳ ಹೆಸರುಗಳು. ವಾಣಿಯವರ ‘ಶುಭಮಂಗಳ’, ಉಷಾ ಅವರ ‘ಬಂಧನ’, ಸಾಯಿಸುತೆಯವರ ‘ಬಾಡದ ಹೂ’ ಸಿನಿಮಾಗಳಾಗಿ, ಓದಲು ಬಾರದವರನ್ನೂ ಮುಟ್ಟಿದವು. ಇವರಲ್ಲಿ ಎಲ್ಲರೂ ಒಂದೇ ಸಮ ಬರೆದರೆನ್ನಲಾಗದು. ನೂರರ ಗಡಿ ದಾಟಿದವರ ಪುಸ್ತಕಗಳಲ್ಲಿ ಅಚ್ಚೊತ್ತಿದಂತಹ ನಾಯಕ, ಅಚ್ಚೊತ್ತಿದಂತಹ ತ್ಯಾಗ ಬೇಕಾದಷ್ಟು ಸಿಗುತ್ತವೆ.

ಓದಿನ ದಾರಿಗಳು

1961ರ ಜನಗಣತಿಯ ಹೊತ್ತಿಗೆ ಮೈಸೂರು ರಾಜ್ಯದಲ್ಲಿ ಓದುಬಲ್ಲ ಮಹಿಳೆಯರು ಶೇ 14ರಷ್ಟಿದ್ದರು. ಆದ್ದರಿಂದ ಒಂದು ಪುಸ್ತಕಕ್ಕೆ ಒಬ್ಬಳೇ ಓದುಗಿತ್ತಿ ಎಂದು ಲೆಕ್ಕ ಹಿಡಿದರೆ ತಪ್ಪಾಗುತ್ತದೆ. ಶಾಲೆ ಕಲಿತವಳು ಗಟ್ಟಿಯಾಗಿ ಓದುತ್ತಿದ್ದಳು, ಉಳಿದವರು ಕಾಳು ಹಸನು ಮಾಡುತ್ತ ಕೇಳುತ್ತಿದ್ದರು. 1965ರ ಜನವರಿಯಲ್ಲಿ ಶುರುವಾದ ‘ಸುಧಾ’, ಅದಕ್ಕೂ ಹಳೆಯ ‘ಪ್ರಜಾಮತ’, ‘ಕರ್ಮವೀರ’, 1983ರ ‘ತರಂಗ’ ಈ ವಾರಪತ್ರಿಕೆಗಳು ಧಾರಾವಾಹಿಯನ್ನು ಹಳ್ಳಿಗೆ ಮುಟ್ಟಿಸಿದವು. ವಾರಕ್ಕೆ ನಾಲ್ಕಾರು ಪುಟ, ಏಳು ದಿನದ ಕಾಯುವಿಕೆ, ಅಷ್ಟೂ ದಿನ ಮುಂದೇನಾದೀತೆಂಬ ವಾದ. ಮುಗಿದ ಮೇಲೆ ಪುಟಗಳನ್ನು ಬಿಚ್ಚಿ, ದಬ್ಬಣದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿ ಇಟ್ಟುಕೊಳ್ಳುವುದು ನಾಡಿನುದ್ದಕ್ಕೂ ಇದ್ದ ರೂಢಿ. ಹಾಗೆ ಮನೆಯಲ್ಲೇ ಕಟ್ಟಿದ ಪುಸ್ತಕಗಳು ಮದುವೆಯಾದ ಹುಡುಗಿಯರ ಟ್ರಂಕಿನಲ್ಲಿ ಊರೂರು ಸುತ್ತಿದವು.

ದೊಡ್ಡ ಊರುಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ಠೇವಣಿ ಕಟ್ಟಿದರೆ ದಿನದ ಬಾಡಿಗೆಗೆ ಕಾದಂಬರಿ ಸಿಗುತ್ತಿತ್ತು. ಸಣ್ಣ ಊರಿಗೆ ಆಸರೆಯಾದದ್ದು ಸಾರ್ವಜನಿಕ ಗ್ರಂಥಾಲಯ. ಬಳ್ಳಾರಿ ಜಿಲ್ಲೆ 1953ರಲ್ಲಿ ಮೈಸೂರಿಗೆ ಸೇರುವ ಮೊದಲೇ 1948ರ ಮದರಾಸು ಗ್ರಂಥಾಲಯ ಕಾಯ್ದೆಗೆ ಒಳಪಟ್ಟಿತ್ತು. ಹಳೆಯ ಮೈಸೂರಿನ ಜಿಲ್ಲೆಗಳು ಅಂತಹ ಕಾಯ್ದೆಗಾಗಿ 1965ರವರೆಗೆ ಕಾಯಬೇಕಾಯಿತು. ಆದರೂ ಹಳ್ಳಿಯ ವಾಚನಾಲಯದ ಬೆಂಚು ಗಂಡಸರದ್ದಾಗಿಯೇ ಉಳಿಯಿತು. ಹೆಂಗಸರ ಪುಸ್ತಕ ತಮ್ಮನ, ಮಗನ, ಮೇಷ್ಟ್ರ ಕೈಯಲ್ಲಿ ಮನೆಗೆ ಬರುತ್ತಿತ್ತು. ಎಂದರೆ ಆಯ್ಕೆಯೂ ತಂದುಕೊಡುವವರದ್ದೇ.

ಕೂಡ್ಲಿಗಿ ಸೀಮೆಯ ಓದಿಗೆ ಇನ್ನೊಂದು ಮುಖವಿತ್ತು. ಈ ಕಾದಂಬರಿಗಳ ಮನೆಗಳು ಬಹುಪಾಲು ಮೈಸೂರು, ಮಲೆನಾಡುಗಳ ಮೇಲ್ಜಾತಿಯ ಮಧ್ಯಮವರ್ಗದವು. ಮಾತೂ ಆ ಕಡೆಯದೇ. ಬಯಲುಸೀಮೆಯ ಶೇಂಗಾ ಹೊಲ, ಕೂಲಿ, ಬರ ಅವುಗಳೊಳಗೆ ಬರಲಿಲ್ಲ. ಆದರೆ ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ (ಚಲನಚಿತ್ರವಾದದ್ದು 1969ರಲ್ಲಿ) ಇಲ್ಲಿ ಬೇರೆಯದೇ ಅರ್ಥ ಹೊತ್ತು ನಿಲ್ಲುತ್ತದೆ. ಹುಡುಗಿಯನ್ನು ವೇಶ್ಯಾವೃತ್ತಿಗೆ ಇಳಿಸುವ ಶಾಸ್ತ್ರವಾದ ಗೆಜ್ಜೆಪೂಜೆಯಿಂದ ಪಾರಾಗಿ ಮದುವೆಯಾಗಬೇಕೆನ್ನುವ ಚಂದ್ರಾಳ ಕಥೆ ಪಟ್ಟಣದ ಓದುಗರಿಗೆ ಮರುಕ ಹುಟ್ಟಿಸುವ ದೂರದ ಸಂಗತಿ. ಹೆಣ್ಣುಮಕ್ಕಳನ್ನು ಬಸವಿ ಬಿಡುವ, ಮುತ್ತು ಕಟ್ಟುವ, ಎಂದರೆ ದೇವದಾಸಿಯಾಗಿಸುವ ಪದ್ಧತಿ ಬಲವಾಗಿದ್ದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಲ್ಲಿ ಅದು ಪಕ್ಕದ ಓಣಿಯ ಸುದ್ದಿ. ರಾಜ್ಯದ ದೇವದಾಸಿ ನಿಷೇಧ ಶಾಸನ 1982ರದು. ಕಾದಂಬರಿ ಅದಕ್ಕಿಂತ ಎಷ್ಟೋ ಮುಂಚಿನದು.

ವಿಮರ್ಶೆ

ಅರವತ್ತರ ದಶಕದಲ್ಲಿ ನವ್ಯ ವಿಮರ್ಶೆ ಗಟ್ಟಿಯಾಯಿತು. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ಯಂತಹ ಪತ್ರಿಕೆಗಳು ಕೃತಿಯನ್ನು ಸಾಲುಸಾಲಾಗಿ ಓದುವ ಶಿಸ್ತು ತಂದವು. ಆ ಶಿಸ್ತು ಜನಪ್ರಿಯ ಕಾದಂಬರಿಗೆ ಸಿಗಲಿಲ್ಲ. ಅವನ್ನೆಲ್ಲ ಒಂದೇ ಗಂಟಾಗಿ ಕಟ್ಟಿ, ಕಣ್ಣೀರಿನ ಕಥೆ, ಹೊತ್ತು ಕಳೆಯುವ ಓದು ಎಂದು ಬದಿಗಿಟ್ಟದ್ದೇ ಹೆಚ್ಚು. ‘ಶರಪಂಜರ’ಕ್ಕೂ ಹದಿನೈದು ದಿನದಲ್ಲಿ ಬರೆದು ಮುಗಿಸಿದ ಧಾರಾವಾಹಿಗೂ ವ್ಯತ್ಯಾಸ ಹೇಳುವ ಕೆಲಸವನ್ನು ಬಲ್ಲವರು ಮಾಡಲಿಲ್ಲ.

ಮಾಡಿದವರು ಓದುಗಿತ್ತಿಯರು. ವಾರಪತ್ರಿಕೆಗಳ ಪತ್ರದ ಅಂಕಣಗಳಲ್ಲಿ ನಾಯಕಿಯ ನಿರ್ಧಾರವನ್ನು ಒಪ್ಪಿ, ಬೈದು ಬರೆದರು. ಬಾಡಿಗೆ ಪುಸ್ತಕಗಳ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ‘ಚೆನ್ನಾಗಿದೆ’, ‘ಬರೀ ಬೋರು’, ‘ಇವಳಿಗೆ ಬುದ್ಧಿಯಿಲ್ಲ’ ಎಂದು ಗೀಚಿದರು. ಅದರ ಕೆಳಗೆ ಇನ್ನೊಬ್ಬಳ ಜವಾಬು. ಇದನ್ನು ವಿಮರ್ಶೆ ಎನ್ನಬಹುದೇ? ಕೃತಿಯನ್ನು ಬದುಕಿನ ಜೊತೆ ಒರೆಹಚ್ಚಿ ತೀರ್ಪು ಕೊಡುವುದು ವಿಮರ್ಶೆಯಾದರೆ, ಧಾರಾಳವಾಗಿ ಎನ್ನಬಹುದು. ಇಂಗ್ಲಿಷಿನಲ್ಲಿ ಮಿಲ್ಸ್ ಅಂಡ್ ಬೂನ್‌ನಂತಹ ಪ್ರಕಾಶನಗಳ ಪ್ರೇಮಕಾದಂಬರಿಗಳಿಗೂ ಇದೇ ಗತಿಯಾಗಿತ್ತು. ಅಮೆರಿಕದ ಜಾನಿಸ್ ರಾಡ್ವೆ ಒಂದು ಊರಿನ ಓದುಗಿತ್ತಿಯರನ್ನೇ ಮಾತಾಡಿಸಿ 1984ರಲ್ಲಿ ಪುಸ್ತಕ ತಂದಾಗ, ಮನೆಗೆಲಸದ ನಡುವೆ ತಮಗೆಂದೇ ಕದ್ದಿಟ್ಟುಕೊಂಡ ಹೊತ್ತಾಗಿ ಓದನ್ನು ಅವರು ಕಂಡದ್ದು ಬೆಳಕಿಗೆ ಬಂತು. ಅಂತಹ ಅಧ್ಯಯನ ಕನ್ನಡ ಹಳ್ಳಿಗಳಲ್ಲೂ ಆಗಬೇಕಿತ್ತು. ‘ಸುಧಾ’ ಹೊಲಿದಿಟ್ಟುಕೊಂಡ ತಲೆಮಾರು ಈಗ ಎಂಬತ್ತರ ಆಸುಪಾಸಿನಲ್ಲಿದೆ.

ಅಚ್ಚಿನ ವಿಮರ್ಶೆ ಬದಲಾದದ್ದು ಎಪ್ಪತ್ತರ ಕೊನೆಯಿಂದ. ಟಿ. ಸುನಂದಮ್ಮ ಮೊದಲ ಅಧ್ಯಕ್ಷೆಯಾಗಿ 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿತು. ವಿಜಯಾ ದಬ್ಬೆ ‘ಮಹಿಳೆ, ಸಾಹಿತ್ಯ, ಸಮಾಜ’ದ ನಂಟನ್ನು ಬಿಡಿಸತೊಡಗಿದರು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಎಚ್.ಎಸ್. ಶ್ರೀಮತಿಯವರಂತಹ ಸ್ತ್ರೀವಾದಿ ಚಿಂತಕರ ಕೆಲಸ ಕೂಡ್ಲಿಗಿಗೆ ಬಸ್ಸಿನ ದಾರಿಯಷ್ಟು ಹತ್ತಿರ ಬಂತು. ಹೊಸ ವಿಮರ್ಶಕಿಯರು ಹಳೆಯ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಮೆರೆಸಲಿಲ್ಲ. ತಾಳ್ಮೆಯನ್ನೇ ಹೆಣ್ಣಿನ ಗುಣವೆಂದು ಹಾಡಿ ಹೊಗಳಿದ್ದನ್ನು ಎತ್ತಿ ತೋರಿಸಿದರು. ಓದದೆ ತಳ್ಳಿಹಾಕುವುದನ್ನು ಮಾತ್ರ ಬಿಟ್ಟರು.

ಕಲಬುರಗಿಯ ಗೀತಾ ನಾಗಭೂಷಣ ಈ ಚರಿತ್ರೆಯ ತಿರುವು. ಅರವತ್ತರ ಕೊನೆಯಲ್ಲಿ ‘ತಾವರೆಯ ಹೂವು’ ಮೂಲಕ ಬರವಣಿಗೆಗಿಳಿದು, ತಮ್ಮ ಸೀಮೆಯ ಆಡುಮಾತಿನಲ್ಲಿ ದುಡಿಯುವ ಕೆಳಜಾತಿಯ ಹೆಂಗಸರ ಕಥೆ ಹೇಳಿದ ಅವರ ‘ಬದುಕು’ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕನ್ನಡದ ಲೇಖಕಿಯೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಅದೇ ಪ್ರಶಸ್ತಿ ಕನ್ನಡದ ಗಂಡಸರಿಗೆ 1955ರಿಂದಲೂ ಸಲ್ಲುತ್ತಿತ್ತು.

ಈಚಿನ ಸ್ಥಿತಿ

ತೊಂಬತ್ತರ ದಶಕದಲ್ಲಿ ಖಾಸಗಿ ವಾಹಿನಿಗಳ ಧಾರಾವಾಹಿಗಳು ಸಂಜೆಯ ಹೊತ್ತನ್ನು ನುಂಗಿದವು, ಬಾಡಿಗೆ ಲೈಬ್ರರಿಗಳು ಒಂದೊಂದಾಗಿ ಮುಚ್ಚಿದವು. ಪ್ರತಿಲಿಪಿಯಂತಹ ಮೊಬೈಲ್ ವೇದಿಕೆಗಳಲ್ಲಿ ಈಗ ಪ್ರೇಮಕಾದಂಬರಿ ಮತ್ತೆ ಕಂತುಕಂತಾಗಿ ಬರುತ್ತಿದೆ. ಪೆನ್ಸಿಲಿನ ಜಾಗಕ್ಕೆ ನಕ್ಷತ್ರಗಳು ಬಂದಿವೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾಗಿ, ಮುಂದೆ ‘ಅರಿವು ಕೇಂದ್ರ’ಗಳೆನಿಸಿದವು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಅಲ್ಲಿ ಬೇಡಿಕೆ ಹೆಚ್ಚು. ತ್ರಿವೇಣಿ ಈಗಲೂ ಅಚ್ಚಾಗುತ್ತಾರೆ. ಅವರ ಕಾಲದ, ಅವರ ನಂತರದ ಬಹಳಷ್ಟು ಲೇಖಕಿಯರ ಪುಸ್ತಕಗಳು ಮರುಮುದ್ರಣವಿಲ್ಲದೆ ಮರೆಯಾಗಿವೆ. ಸರ್ಕಾರಿ ಗ್ರಂಥಾಲಯಗಳಿಗೆ ಸಗಟು ಖರೀದಿಯಲ್ಲಿ ಯಾವ ಪುಸ್ತಕ ಹೋಗಬೇಕೆಂದು ತೀರ್ಮಾನಿಸುವುದು ಆಯ್ಕೆ ಸಮಿತಿ. ಪುಸ್ತಕದಂಗಡಿಯಿಲ್ಲದ ಊರುಗಳಲ್ಲಿ ಕಪಾಟಿಗೆ ಯಾವ ಕಾದಂಬರಿ ಬರುತ್ತದೆ, ಯಾವುದು ಬರುವುದಿಲ್ಲ ಎನ್ನುವುದು ಇವತ್ತಿಗೂ ಬಹುಮಟ್ಟಿಗೆ ಆ ಪಟ್ಟಿಯನ್ನೇ ನೆಚ್ಚಿಕೊಂಡಿದೆ.