ಮರಳಿನ ಮೇಲೊಂದು ರಜೆ

‘ರಜೆ’ ಎಂಬುದು ನಮ್ಮ ನೆಲದಲ್ಲಿ ಹುಟ್ಟಿದ ಮಾತಲ್ಲ. ಅರಬ್ಬಿಯಲ್ಲಿ ಹುಟ್ಟಿ, ಕಚೇರಿಯ ಕಾಗದಪತ್ರಗಳೊಡನೆ ಕನ್ನಡಕ್ಕೆ ಬಂದು ನೆಲೆಸಿದ ಈ ಮಾತಿನ ಮೂಲಾರ್ಥ ‘ಸಮ್ಮತಿ’. ಇನ್ನೊಬ್ಬರ ಅಪ್ಪಣೆಯಿಂದ ಕೆಲಸ ಬಿಡುವವನಿಗೆ ರಜೆ. ಉಳುವವನಿಗೆ ಇದ್ದುದು ಬಿಡುವು ಮಾತ್ರ. ಆ ಬಿಡುವಿನಲ್ಲಿ ಅವನು ಜಾತ್ರೆಗೆ ಹೋಗುತ್ತಿದ್ದ, ನೆಂಟರಲ್ಲಿಗೆ ಹೋಗುತ್ತಿದ್ದ, ಹೊಳೆಗೆ ಹೋಗುತ್ತಿದ್ದ. ನಾನು ಬನ್ನೂರಿನ ಕಡೆಯವನು. ನನ್ನ ಬಾಲ್ಯದಲ್ಲಿ ಮನೆಯ ಹಿರಿಯರು ‘ರಜೆ ಕಳೆಯುವುದು’ ಎಂದವರಲ್ಲ. ‘ಹೊಳೆಗೆ ಹೋಗಿಬರೋಣ’ ಎನ್ನುತ್ತಿದ್ದರು. ಕಡಲು ಕಾಣದ ನಮ್ಮ ಸೀಮೆಗೆ ಕಾವೇರಿಯ ಮರಳೇ ಕಡಲತಡಿ.

ಈ ಮರಳಿನಲ್ಲಿ ತಲಕಾಡಿನದಕ್ಕೆ ಸಮನಾದುದು ಬೇರೆಯಿಲ್ಲ. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿ ಇಲ್ಲಿ ಮೈತಿರುಗಿ ಹರಿಯುತ್ತಾಳೆ. ಎಡದಂಡೆಯಲ್ಲಿ ತಲಕಾಡು, ಎದುರು ದಂಡೆಯಲ್ಲಿ ಮಾಲಂಗಿ. ಭಾನುವಾರ ಬಂತೆಂದರೆ ಊರೂರಿನಿಂದ ಬಂದವರು ಇಲ್ಲಿ ನೀರಾಡುತ್ತಾರೆ, ದಿಬ್ಬ ಏರಿಳಿಯುತ್ತಾರೆ, ಬುತ್ತಿ ಬಿಚ್ಚುತ್ತಾರೆ. ಅವರು ಕುಳಿತಿರುವುದು ಒಂದು ರಾಜಧಾನಿಯ ನೆತ್ತಿಯ ಮೇಲೆ. ಗಂಗರು ಶತಮಾನಗಳ ಕಾಲ ಆಳಿದ ಪಟ್ಟಣವಿದು. 11ನೆಯ ಶತಮಾನದ ಆರಂಭದಲ್ಲಿ ಚೋಳರ ವಶವಾಗಿ ರಾಜರಾಜಪುರವೆನಿಸಿತು. 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ಇದನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿದ, ಗೆಲುವಿನ ನೆನಪಿಗೆ ಕೀರ್ತಿನಾರಾಯಣನ ಗುಡಿಯನ್ನು ಎತ್ತಿಸಿದ.

ಪಟ್ಟಣ ಮರಳಾದ ಕಥೆ ಕನ್ನಡಿಗರೆಲ್ಲರೂ ಬಲ್ಲದ್ದು. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿದಾಗ, ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ತನ್ನ ಒಡವೆಗಳೊಡನೆ ಮಾಲಂಗಿಯ ಬಳಿ ಹೊಳೆಗೆ ಹಾರಿದಳಂತೆ. ತಲಕಾಡಿಗೂ ಮಾಲಂಗಿಗೂ ಒಡೆಯರ ಸಂತಾನಕ್ಕೂ ಶಾಪವಿತ್ತಳಂತೆ. ವಿದ್ವಾಂಸರು ಹೇಳುವ ಕಾರಣ ಬೇರೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿಯ ಹೆಸರಿನ ಅಣೆಕಟ್ಟು ಏರ್ಪಟ್ಟಿತು. ನೀರಿನ ಹರಿವು ತಗ್ಗಿದೆಡೆ ಮರಳು ಮೈದೋರಿತು. ಅದನ್ನು ನೈಋತ್ಯದ ಮಳೆಗಾಲದ ಗಾಳಿ ಎಡದಂಡೆಯ ಊರಿನ ಮೇಲೆ ಸುರಿಯಿತು. ಒಂದು ದಂಡೆಯ ಗದ್ದೆಗಳಿಗೆ ನೀರು ಕೊಟ್ಟ ಕೆಲಸವೇ ಇನ್ನೊಂದೆಡೆಯ ಮನೆಗಳಿಗೆ ಮರಳು ಕೊಟ್ಟಿತೆಂಬ ಈ ವಿವರಣೆ ಶಾಪಕ್ಕಿಂತ ಕಡಿಮೆ ದುಃಖದ್ದೇನೂ ಅಲ್ಲ.

ಇಂಥ ಇನ್ನೊಂದು ಮರಳಿನ ನೆನಪು ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತದಲ್ಲಿದೆ. 1859ರಲ್ಲಿ ಟೇಮರ್ ನದಿಗೆ ರೈಲುಸೇತುವೆಯಾದ ಮೇಲೆ, 1871ರ ಕಾನೂನು ಬ್ಯಾಂಕುಗಳಿಗೆ ರಜಾದಿನಗಳನ್ನು ಗೊತ್ತುಮಾಡಿದ ಮೇಲೆ, ಬೆಸ್ತರೂ ತವರದ ಗಣಿಯವರೂ ಬಾಳಿದ ಆ ಕಡಲತೀರ ನಗರದವರ ವಿಹಾರಸ್ಥಳವಾಗತೊಡಗಿತು. ಅಲ್ಲಿ ಸೇಂಟ್ ಎನೊಡಾಕ್ ಎಂಬ ಪುಟ್ಟ ಇಗರ್ಜಿಯೊಂದಿದೆ. ಗಾಳಿ ತಂದ ಮರಳಿನಲ್ಲಿ ಬಹುಕಾಲ ಹೂತಿದ್ದ ಅದನ್ನು 19ನೆಯ ಶತಮಾನದ ನಡುವಿನಲ್ಲಿ ಬಿಡಿಸಿದರು. ಹೂತಿದ್ದ ದಿನಗಳಲ್ಲಿ ಪಾದ್ರಿ ವರ್ಷಕ್ಕೊಮ್ಮೆ ಮಾಡಿನ ಕಂಡಿಯಿಂದ ಇಳಿದು, ಹಕ್ಕು ತಪ್ಪದಂತೆ ಪ್ರಾರ್ಥನೆ ನಡೆಸುತ್ತಿದ್ದನೆಂದು ಹೇಳುತ್ತಾರೆ. ಬಾಲ್ಯದ ರಜೆಗಳನ್ನು ಆ ತೀರದಲ್ಲಿ ಕಳೆದ ಕವಿ ಜಾನ್ ಬೆಟ್ಜಮನ್ 1984ರಲ್ಲಿ ತೀರಿಕೊಂಡಾಗ, ಅವನಿಗೆ ಮಣ್ಣಾದದ್ದೂ ಆ ಇಗರ್ಜಿಯ ಅಂಗಳದಲ್ಲಿಯೇ.

ಪಾದ್ರಿಯ ಆ ಇಳಿತವನ್ನು ಓದಿದಾಗ ನನಗೆ ನಮ್ಮ ಪಂಚಲಿಂಗದರ್ಶನದ ನೆನಪಾಯಿತು. ಕಾರ್ತಿಕದ ಸೋಮವಾರಕ್ಕೆ ಯೋಗ ಕೂಡಿಬಂದ ವರ್ಷ ಮರಳು ಸರಿಸಿ ದೇವರನ್ನು ಕಾಣುವ ಪದ್ಧತಿ ಅದು. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ, ಇವರೇ ಆ ಐವರು. 2009, 2013, 2020ರಲ್ಲಿ ದರ್ಶನ ನಡೆದಿದೆ. ಯಾತ್ರಿಕನಿಗೆ ಮರಳು ಆಟದ ಅಂಗಳವಲ್ಲ, ಕೆಳಗೆ ಏನಿದೆಯೆಂದು ಬಲ್ಲವನು ಸರಿಸಬೇಕಾದ ತೆರೆ.

ಆದರೆ ದೇವರಿಗಿಂತ ಮನುಷ್ಯರ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಬಿ. ಎಲ್. ರೈಸ್ 1897ರ ಮೈಸೂರು ಗೆಜೆಟಿಯರಿನಲ್ಲಿ ಬರೆದಂತೆ, ಮರಳುಗುಡ್ಡಗಳು ವರ್ಷಕ್ಕೆ 9-10 ಅಡಿಯಂತೆ ಊರಿನತ್ತ ಸರಿಯುತ್ತಿದ್ದವು. ಜನ ಮನೆಗಳನ್ನು ಬಿಟ್ಟು ಹಿಂದೆ ಹಿಂದೆ ಸರಿಯಬೇಕಾಗುತ್ತಿತ್ತು. ಒಂದು ಮಳೆಗಾಲಕ್ಕೆ ಹಿತ್ತಿಲು, ಇನ್ನೊಂದಕ್ಕೆ ಹಜಾರ, ಮತ್ತೊಂದಕ್ಕೆ ಅಡಿಗೆಮನೆ. ಶಾಪ ನಾಲ್ಕು ಮಾತಿನಲ್ಲಿ ಮುಗಿಯಿತು. ಅದನ್ನು ಅನುಭವಿಸಲು ತಲೆಮಾರುಗಳು ಬೇಕಾದವು. ಅಲಮೇಲಮ್ಮನ ಹೆಸರು ಉಳಿಯಿತು, ವಿಷ್ಣುವರ್ಧನನ ಬಿರುದು ಉಳಿಯಿತು. ತಮ್ಮ ಹೊಸ್ತಿಲನ್ನೇ ಎದೆಗವಚಿಕೊಂಡು ಹಿಂದಕ್ಕೆ ನಡೆದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಬನ್ನೂರಿಗೆ ಹತ್ತಿರದ ಸೋಮನಾಥಪುರದಲ್ಲಿ ಹಾಗಲ್ಲ. 13ನೆಯ ಶತಮಾನದಲ್ಲಿ, ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವಾಲಯದ ಭಿತ್ತಿಯಲ್ಲಿ ಶಿಲ್ಪಿ ಮಲ್ಲಿತಮ್ಮ ಮೂರ್ತಿಮೂರ್ತಿಯ ಕೆಳಗೆ ತನ್ನ ಹೆಸರು ಕೊರೆದಿದ್ದಾನೆ. 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ಆ ಗುಡಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಪ್ರವಾಸಿಯ ಕಣ್ಣಿಗೆ ಕಲ್ಲೇ ಪಾಠ ಹೇಳುತ್ತದೆ. ತಲಕಾಡಿನ ಮರಳು ಮಾತ್ರ ಹೆಜ್ಜೆಗುರುತನ್ನೂ ಸಂಜೆಯವರೆಗೆ ಉಳಿಸಿಕೊಳ್ಳದು.

ರಜೆಯಲ್ಲಿ ಬಂದವರು ನಗಬಾರದು, ನೀರಾಡಬಾರದು ಎಂದು ನಾನು ಹೇಳುತ್ತಿಲ್ಲ. ಸುಳಿಯಿರುವೆಡೆ ಇಳಿಯದಿದ್ದರೆ ಸಾಕು. ಮಕ್ಕಳು ದಿಬ್ಬದಿಂದ ಜಾರಿ ಇಳಿಯುವಾಗ ಪಕ್ಕದಲ್ಲಿರುವ ಹಿರಿಯರೊಬ್ಬರು ‘ಇದರ ಕೆಳಗೆ ಮನೆಗಳಿದ್ದವು, ಕಂದ’ ಎಂದು ಒಂದು ಮಾತು ಹೇಳಲಿ. ರಜೆಯೆಂದರೆ ಸಮ್ಮತಿಯೆಂದೆನಲ್ಲವೇ? ನಮ್ಮ ಸಂತೋಷಕ್ಕೆ ಆ ಹೆಸರಿಲ್ಲದವರಿಂದ ನಾವು ಪಡೆಯಬಹುದಾದ ಸಮ್ಮತಿ ಇಷ್ಟೇ.