ಕೊಸರಿಲ್ಲದ ತಕ್ಕಡಿ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಬಿಡಿ ಹೂವು ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಕಟ್ಟಿದ ಹೂವಿಗೆ ಬಂದರೆ ಲೆಕ್ಕವೇ ಬೇರೆ. ಹೂವಾಡಗಿತ್ತಿ ಮಲ್ಲಿಗೆಯ ಸರದ ತುದಿಯನ್ನು ಬೆರಳಲ್ಲಿ ಹಿಡಿದು ಮೊಳಕೈವರೆಗೆ ಎಳೆಯುತ್ತಾಳೆ. ಅದು ಒಂದು ಮೊಳ. ಎರಡೂ ಕೈಗಳನ್ನು ಅಗಲಕ್ಕೆ ಚಾಚಿದರೆ ಒಂದು ಮಾರು. 'ನಿನ್ನ ಕೈ ಗಿಡ್ಡ ಕಣಮ್ಮ' ಎಂದು ಕೊಳ್ಳುವವರು ತಗಾದೆ ತೆಗೆಯುತ್ತಾರೆ. ಆಕೆ ನಕ್ಕು, ಇನ್ನೆರಡು ಬೆರಳಷ್ಟು ಹೂವು ಹೆಚ್ಚಿಗೆ ಬಿಟ್ಟು ದಾರ ಕತ್ತರಿಸುತ್ತಾಳೆ. ಹಣ ಮೊಬೈಲ್ ಫೋನಿನಿಂದ ಕ್ಷಣದಲ್ಲಿ ಸಂದಾಯವಾಗುತ್ತದೆ. ಸರಕನ್ನು ಅಳೆದದ್ದು ಮಾತ್ರ ಸಾವಿರ ವರ್ಷಗಳ ಹಿಂದಿನ ಕೋಲಿನಿಂದ, ಅಂದರೆ ಮನುಷ್ಯನ ತೋಳಿನಿಂದ.

ಆ ಎರಡು ಬೆರಳಿನ ಹೆಚ್ಚಿಗೆಗೆ ಕನ್ನಡದಲ್ಲಿ ಒಂದು ಹೆಸರುಂಟು: ಕೊಸರು. ಅಳತೆ ಮುಗಿದ ಮೇಲೆ ಮಾರುವವರು ಮನಸಾರೆ, ಅಥವಾ ಕೊಳ್ಳುವವರ ಕಾಟ ತಾಳಲಾರದೆ, ಹಾಕುವ ಒಂದು ಹಿಡಿ. ಇಂದು ಎಂಬತ್ತರ ಆಸುಪಾಸಿನಲ್ಲಿರುವವರು ತಮ್ಮ ಒಂದು ಆಯುಷ್ಯದಲ್ಲೇ ನಾಣ್ಯ ಬದಲಾದದ್ದನ್ನು, ತೂಕ ಬದಲಾದದ್ದನ್ನು, ಅಳೆಯುವ ಪಾತ್ರೆ ಮೂಲೆ ಸೇರಿದ್ದನ್ನು ಕಂಡಿದ್ದಾರೆ. ಅವರು 'ಆ ಕಾಲವೇ ಚೆನ್ನಾಗಿತ್ತು' ಎಂದು ನಿಟ್ಟುಸಿರು ಬಿಟ್ಟಾಗ, ಅವರು ನೆನೆಯುತ್ತಿರುವುದು ನಿಜಕ್ಕೂ ಏನನ್ನು? ಆ ಪಾತ್ರೆಯನ್ನೋ, ಆ ಕೊಸರನ್ನೋ?

ಮೊದಲು ಹಣದ ಮಾತು. 1957ರವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ ಅಥವಾ ಹನ್ನೆರಡು ಪೈ. ಹೀಗೆ ಒಂದು ರೂಪಾಯಿಯಲ್ಲಿ 64 ಪೈಸೆ, 192 ಪೈ. ಪೈಗೆ ಕಾಸು ಎಂದು ಹೆಸರಿದ್ದ ಕಡೆ ಕಾಲಾಣೆಯನ್ನು 'ಮೂರು ಕಾಸು' ಎನ್ನುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲು 1943ರಲ್ಲಿ ನಡುವೆ ತೂತಿರುವ ಕಾಲಾಣೆ ಬಂತು. ಅದನ್ನು ದಾರದಲ್ಲಿ ಪೋಣಿಸಿ ಮಕ್ಕಳು ಆಡುತ್ತಿದ್ದರು. ಎರಡಾಣೆಗೆ ಚೌಕ ಆಕಾರ, ಒಂದಾಣೆಗೆ ಹೂವಿನ ಅಂಚು. ಅಕ್ಷರ ಬಾರದವರೂ ಕತ್ತಲಲ್ಲಿ ಬೆರಳಿನಿಂದಲೇ ನಾಣ್ಯವನ್ನು ಗುರುತಿಸಬಹುದಿತ್ತು.

ಈ ಹದಿನಾರರ ಲೆಕ್ಕ ಇಂದಿನವರಿಗೆ ತಲೆನೋವೆನಿಸಬಹುದು. ಆದರೆ ಅದರ ಹಿಂದೆ ಒಂದು ಜಾಣತನವಿತ್ತು. ಹದಿನಾರನ್ನು ಅರ್ಧ ಮಾಡಿದರೆ ಎಂಟು, ಮತ್ತೆ ನಾಲ್ಕು, ಮತ್ತೆ ಎರಡು, ಕೊನೆಗೆ ಒಂದು. ಎಲ್ಲಿಯೂ ಚೂರು ಉಳಿಯುವುದಿಲ್ಲ. ಪಾಲು ಮಾಡುವವರಿಗೆ ಕಾಗದ ಬೇಡ, ಪೆನ್ಸಿಲು ಬೇಡ. ಕನ್ನಡದ ಭಿನ್ನರಾಶಿಯ ಹೆಸರುಗಳೂ ಇದೇ ದಾರಿ ಹಿಡಿದಿವೆ: ಅರೆ, ಕಾಲು, ಅರೆಕಾಲು, ಹದಿನಾರನೆಯ ಒಂದು ಪಾಲಿಗೆ ವೀಸ. ಹಳೆಯ ಶಾಲೆಗಳಲ್ಲಿ ಒಂದು, ಎರಡರ ಮಗ್ಗಿಯಷ್ಟೇ ಅಲ್ಲ, ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದದ್ದೂ ದಿನನಿತ್ಯದ ವ್ಯವಹಾರ ನಡೆಸುವವರನ್ನು ಎದುರಿಗಿಟ್ಟುಕೊಂಡೇ. ಲೆಕ್ಕ ಎಂಬುದು ಬಾಯಲ್ಲಿ, ಬೆರಳ ಗೆಣ್ಣಿನಲ್ಲಿ ಇದ್ದ ಕಾಲ ಅದು.

ಅಳತೆಯ ಪಾತ್ರೆಗಳಲ್ಲಿಯೂ ಇದೇ ಅರ್ಧಿಸುವ ಕ್ರಮ. ಸೇರಿನ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು. ಮೇಲಕ್ಕೆ ಹೋದರೆ ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ದೇವಾಲಯಗಳಿಗೆ ಕೊಟ್ಟ ದತ್ತಿಯನ್ನು ದಾಖಲಿಸುವ ಶಾಸನಗಳಲ್ಲಿ ಖಂಡುಗ, ಕೊಳಗಗಳು ಮತ್ತೆ ಮತ್ತೆ ಬರುತ್ತವೆ. ಒಂದು ಖಂಡುಗ ಬೀಜ ಬಿತ್ತಲು ಬೇಕಾಗುವ ನೆಲವೂ ಖಂಡುಗವೇ. ಕಾಳಿಗೂ ಭೂಮಿಗೂ ಒಂದೇ ಅಳತೆ ಎಂಬ ಈ ಮಾತಿನಲ್ಲಿ ರೈತನ ಇಡೀ ಲೋಕದೃಷ್ಟಿ ಅಡಗಿದೆ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಎರಡರಿಂದ ಎಣಿಕೆ ಸಾಗುತ್ತಿತ್ತು.

ಇಷ್ಟು ಹೇಳಿದರೆ ಚಿತ್ರ ಅರ್ಧ ಮಾತ್ರ. ಹಳೆಯ ಅಳತೆಗಳಿಗೆ ಇನ್ನೊಂದು ಮುಖವಿತ್ತು, ಅದು ಅಷ್ಟು ಸುಂದರವಾಗಿರಲಿಲ್ಲ. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಊರಿಂದೂರಿಗೆ ಬದಲಾಗುವ ತೂಕ ಮತ್ತು ಅಳತೆಗಳನ್ನು ಬರೆದಿಟ್ಟಿದ್ದಾನೆ. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ಮಣದ ಕಥೆ ಇನ್ನೂ ವಿಚಿತ್ರ: ಮದ್ರಾಸಿನ ಮಣ ಇಂದಿನ ಲೆಕ್ಕದಲ್ಲಿ 11 ಕಿಲೋ ಚಿಲ್ಲರೆ, ಮುಂಬಯಿಯ ಮಣ 12 ಕಿಲೋ 700 ಗ್ರಾಂ, ಉತ್ತರ ಭಾರತದ ನಲವತ್ತು ಸೇರಿನ ಮಣ 37 ಕಿಲೋ ದಾಟುತ್ತಿತ್ತು. ಒಂದೇ ಹೆಸರು, ಮೂರು ತೂಕ. ಸಾಲ ಕೊಡುವಾಗ ಸಣ್ಣ ಕೊಳಗ, ವಸೂಲಿಗೆ ಬಂದಾಗ ದೊಡ್ಡ ಕೊಳಗ ಎಂಬ ದೂರು ಹಳ್ಳಿಗಳಲ್ಲಿ ಹೊಸದೇನಲ್ಲ. ಪಾತ್ರೆಯನ್ನು ಅಂಚಿಗೆ ಸಮ ಮಾಡಿ ಅಳೆಯಬೇಕೋ, ಗೋಪುರ ಎಬ್ಬಿಸಿ ಅಳೆಯಬೇಕೋ ಎಂಬುದನ್ನು ಪಾತ್ರೆ ಯಾರ ಕೈಯಲ್ಲಿದೆಯೋ ಅವರೇ ನಿರ್ಧರಿಸುತ್ತಿದ್ದರು. ಫ್ರಾನ್ಸಿನ ರೈತರೂ 1789ರ ಕ್ರಾಂತಿಯ ಹೊತ್ತಿಗೆ ಅರಸನ ಮುಂದಿಟ್ಟ ಬೇಡಿಕೆಗಳಲ್ಲಿ 'ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ' ಎಂಬುದು ಸೇರಿತ್ತು. ಮೀಟರು, ಕಿಲೋಗ್ರಾಂಗಳು ಹುಟ್ಟಿದ್ದು ಆ ಕ್ರಾಂತಿಯ ಬೆನ್ನಿಗೇ.

ಕರ್ನಾಟಕದ ಮಟ್ಟಿಗೆ ಈ ಗೊಂದಲಕ್ಕೆ ಇನ್ನೊಂದು ಆಯಾಮವಿತ್ತು. 1956ರ ನವೆಂಬರ್ 1ರಂದು ಒಂದಾದ ಕನ್ನಡಿಗರು ಅದುವರೆಗೆ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಬೀದರ, ಕಲಬುರಗಿ, ರಾಯಚೂರುಗಳಲ್ಲಿ ನಿಜಾಮನ 'ಹಾಲಿ ಸಿಕ್ಕಾ' ರೂಪಾಯಿ ನಡೆಯುತ್ತಿತ್ತು. ಅಂಥ ಏಳು ರೂಪಾಯಿಗೆ ಭಾರತದ ಆರು ರೂಪಾಯಿ. ಆ ನಾಣ್ಯ ಪೂರ್ತಿಯಾಗಿ ಚಲಾವಣೆಯಿಂದ ಹೋದದ್ದು 1959ರಲ್ಲಿ. ರಾಯಚೂರಿನ ಹತ್ತಿ, ದಾವಣಗೆರೆಯ ಶೇಂಗಾ, ಮಂಗಳೂರಿನ ಅಕ್ಕಿ ಒಂದೇ ರಾಜ್ಯದ ಸರಕುಗಳಾದ ಮೇಲೆ ಅವುಗಳ ತೂಕಕ್ಕೂ ಒಂದೇ ಭಾಷೆ ಬೇಕಾಯಿತು.

ಕಾಕತಾಳೀಯವೆಂಬಂತೆ ಆ ಭಾಷೆ ಆಗಲೇ ಸಿದ್ಧವಾಗುತ್ತಿತ್ತು. ನಾಣ್ಯದ ಕಾಯಿದೆಗೆ 1955ರಲ್ಲಿ ತಿದ್ದುಪಡಿಯಾಗಿತ್ತು. ತೂಕ ಮತ್ತು ಅಳತೆಗಳ ಕಾಯಿದೆ ಬಂದದ್ದು 1956ರಲ್ಲಿ. ರಾಜ್ಯ ಒಂದಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ರೂಪಾಯಿಗೆ ನೂರು 'ನಯೆ ಪೈಸೆ' ಜಾರಿಯಾಯಿತು. ಹಳೆಯ ಪೈಸೆಯೊಡನೆ ಗೊಂದಲವಾಗಬಾರದೆಂದು ಇಟ್ಟಿದ್ದ 'ನಯಾ' ಎಂಬ ವಿಶೇಷಣವನ್ನು 1964ರಲ್ಲಿ ಕೈಬಿಟ್ಟರು.

ಕಾಗದದ ಮೇಲೆ ಸುಲಭ, ಅಂಗಡಿಯ ಕಟ್ಟೆಯ ಮೇಲೆ ಕಷ್ಟ. ಆಣೆ ಎಂದರೆ ಆರೂಕಾಲು ನಯೆ ಪೈಸೆ. ಕಾಲು ಪೈಸೆ ಎಲ್ಲಿಂದ ತರುವುದು? ಆದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಸರ್ಕಾರ ಪರಿವರ್ತನೆಯ ಕೋಷ್ಟಕ ಹೊರಡಿಸಿತು. ಒಂದಾಣೆಯ ಸಾಮಾನಿಗೆ ಆರು ತೆಗೆದುಕೊಂಡರೆ ಅಂಗಡಿಯವನಿಗೆ ನಷ್ಟ, ಏಳು ಕೇಳಿದರೆ ಗಿರಾಕಿಗೆ ನಷ್ಟ. ದಿನಕ್ಕೆ ಒಂದಾಣೆಯ ಎಣ್ಣೆ, ಒಂದಾಣೆಯ ಬೆಲ್ಲ ಕೊಳ್ಳುವ ಕೂಲಿಯ ಮನೆಗೆ ಆ ಮುಕ್ಕಾಲು ಪೈಸೆ ಸಣ್ಣದಾಗಿರಲಿಲ್ಲ.

ಅದರ ಬೆನ್ನಿಗೆ 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಹಂತಹಂತವಾಗಿ ಬಂತು. 1962ರ ಏಪ್ರಿಲ್ ಹೊತ್ತಿಗೆ ದೇಶದಾದ್ಯಂತ ಮೆಟ್ರಿಕ್ ತೂಕ ಕಡ್ಡಾಯವಾಯಿತು. ಎಂಬತ್ತು ತೊಲದ ಸೇರು 933 ಗ್ರಾಂ. ಕಿಲೋ ಅದಕ್ಕಿಂತ ತುಸು ದೊಡ್ಡದು. ಸರ್ಕಾರಿ ಮುದ್ರೆಯಿದ್ದ ಹೊಸ ಬಟ್ಟುಗಳು ತಕ್ಕಡಿ ಏರಿದವು. ಅದಕ್ಕಿಂತ ದೊಡ್ಡ ಬದಲಾವಣೆ ಸದ್ದಿಲ್ಲದೆ ಆಯಿತು: ಇದುವರೆಗೆ ಪಾತ್ರೆಯಲ್ಲಿ ಅಳೆದು ಕೊಡುತ್ತಿದ್ದ ಅಕ್ಕಿ, ರಾಗಿ, ಬೇಳೆಗಳನ್ನು ತೂಗಿ ಕೊಡುವುದು ರೂಢಿಯಾಯಿತು. ಅಳತೆಯ ಜಗಳಗಳಲ್ಲಿ ಅರ್ಧಕ್ಕರ್ಧ ಅಲ್ಲಿಗೇ ಮುಗಿದವು. ತಕ್ಕಡಿಯ ಮುಳ್ಳಿಗೆ ಗೋಪುರವೂ ಇಲ್ಲ, ಸಮವೂ ಇಲ್ಲ.

ಕೆಲವು ಅಳತೆಗಳನ್ನು ಕಳುಹಿಸಿಕೊಟ್ಟದ್ದು ಕಿಲೋ ಒಂದೇ ಅಲ್ಲ. ದಕ್ಷಿಣ ಕನ್ನಡದ ಮುಡಿಯನ್ನೇ ನೋಡಬಹುದು. ಬೈಹುಲ್ಲಿನ ಹಗ್ಗವನ್ನು ಬಿಗಿಯಾಗಿ ಸುತ್ತಿ, ಒಳಗೆ ಅಕ್ಕಿ ತುಂಬಿ, ದುಂಡಗೆ ಕಟ್ಟಿದ ಗಂಟು ಅದು. ಮಳೆಗಾಲದ ತೇವವನ್ನೂ ತಡೆದುಕೊಂಡು ಅಕ್ಕಿಯನ್ನು ಕಾಯುತ್ತಿತ್ತು. ಒಕ್ಕಲು ಧಣಿಗೆ ಕೊಡಬೇಕಾದ ಗೇಣಿಯ ಲೆಕ್ಕವೂ ಮುಡಿಯಲ್ಲೇ. 1974ರಲ್ಲಿ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಹೊಲದೊಡೆಯನಾದಾಗ ಗೇಣಿ ಹೋಯಿತು, ಗೇಣಿಯ ಮುಡಿಯೂ ಹೋಯಿತು. ಇಂದು ಮುಡಿ ಕಾಣಸಿಗುವುದು ಶುಭಕಾರ್ಯಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ. ಅದರ ಕಟ್ಟೋಣದ ಚಂದಕ್ಕೆ ಮಾರುಹೋಗುವವರು, ಅದನ್ನು ತಲೆಯ ಮೇಲೆ ಹೊತ್ತು ಧಣಿಯ ಅಂಗಳದಲ್ಲಿ ಇಳಿಸಿ ಬರಿಗೈಯಲ್ಲಿ ಮರಳಿದವರನ್ನೂ ನೆನೆಯಬೇಕಾಗುತ್ತದೆ.

ಹಾಗಾದರೆ ಕಳೆದುಹೋದದ್ದು ಏನೂ ಇಲ್ಲವೇ? ಇದೆ. ಅದು ಹೋದದ್ದು ಕಿಲೋ ಬಂದಾಗಲ್ಲ, ಅದರ ಎಷ್ಟೋ ವರ್ಷಗಳ ನಂತರ. 1960, 70ರ ದಶಕಗಳಲ್ಲೂ ದಿನಸಿ ಅಂಗಡಿಯವನು ಹಳೆಯ ಪತ್ರಿಕೆಯ ಹಾಳೆಯನ್ನು ಸುತ್ತಿ ಪೊಟ್ಟಣ ಕಟ್ಟುತ್ತಿದ್ದ, ಮೇಲೆ ತೂಗುಬಿಟ್ಟ ಉಂಡೆಯಿಂದ ದಾರ ಎಳೆದು ಬಿಗಿಯುತ್ತಿದ್ದ. ತೂಕದ ಹೆಸರು ಹೇಳದೆ 'ನಾಲ್ಕಾಣೆ ಸಕ್ಕರೆ, ಎರಡಾಣೆ ಕಾಫಿಪುಡಿ' ಎಂದು ಕೇಳುವವರಿದ್ದರು. ಕೈಯಲ್ಲಿರುವ ಕಾಸೇ ಅಳತೆ. ತಕ್ಕಡಿ ಸಮಕ್ಕೆ ನಿಂತ ಮೇಲೆ ನಾಲ್ಕು ಕಾಳು ಕೊಸರು, ಜೊತೆಗೆ ಬಂದ ಮಗುವಿನ ಅಂಗೈಗೆ ಒಂದು ಚೂರು ಬೆಲ್ಲ. ಪ್ಲಾಸ್ಟಿಕ್ ಪೊಟ್ಟಣ ಬಂದ ಮೇಲೆ ಸರಕು ಎಲ್ಲೋ ದೂರದ ಕಾರ್ಖಾನೆಯಲ್ಲಿ ತೂಕವಾಗಿ ಬರುತ್ತದೆ. 1980ರ ದಶಕದಲ್ಲಿ ಹರಡಿದ ಶಾಂಪೂ ಸ್ಯಾಷೆಗಳು ಸಣ್ಣ ಕಾಸಿನ ಗಿರಾಕಿಯನ್ನು ಮತ್ತೆ ಅಂಗಡಿಗೆ ಕರೆತಂದವು, ನಿಜ. ಆದರೆ ಸ್ಯಾಷೆಗೆ ಕೊಸರು ಹಾಕುವುದು ಹೇಗೆ? ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಎರಡು ಬದನೆಕಾಯಿ ಹೆಚ್ಚಿಗೆ ಹಾಕಿದರೆ ಕೆಂಪು ಅಂಕಿ ಕೂಡಲೇ ಅದಕ್ಕೂ ಬೆಲೆ ಕಟ್ಟುತ್ತದೆ. ನ್ಯಾಯ ನಿಖರವಾಯಿತು, ಔದಾರ್ಯಕ್ಕೆ ಜಾಗ ಕಿರಿದಾಯಿತು.

ವಸ್ತು ಮೊದಲು ಹೋಗುತ್ತದೆ, ಲೆಕ್ಕ ಆಮೇಲೆ, ಮಾತು ಎಲ್ಲಕ್ಕಿಂತ ಕೊನೆಗೆ. 1957ರಲ್ಲೇ ಆಣೆ ಕಾನೂನಿನಿಂದ ಹೋದರೂ 25 ಪೈಸೆಯನ್ನು ಜನ 'ನಾಲ್ಕಾಣೆ' ಎಂದೇ ಕರೆದರು. ಆ ನಾಣ್ಯವನ್ನೂ ಅದಕ್ಕಿಂತ ಸಣ್ಣವನ್ನೂ 2011ರ ಜೂನ್ 30ಕ್ಕೆ ಸರ್ಕಾರ ಹಿಂತೆಗೆದುಕೊಂಡಿತು. ಆಣೆ ಸತ್ತ ಮೇಲೂ ಅದರ ಹೆಸರು ಐವತ್ನಾಲ್ಕು ವರ್ಷ ಜೇಬಿನಲ್ಲಿ ಬದುಕಿತ್ತು. ಇಂದಿಗೂ ಅಪ್ಪಟ ಸತ್ಯ 'ಹದಿನಾರಾಣೆ' ಸತ್ಯವೇ. ಜಾಣನಿಗೆ ಜಾಣ ಸಿಕ್ಕರೆ 'ಸೇರಿಗೆ ಸವ್ವಾಸೇರು'. ಹೊಲ ಎಕರೆ-ಗುಂಟೆಯಲ್ಲೇ ಇದೆ, ನಿವೇಶನ ಅಡಿಯಲ್ಲೇ ಇದೆ. ಹಳೇ ಮೈಸೂರಿನ ಅಡುಗೆಮನೆಗಳಲ್ಲಿ 'ಒಂದು ಪಾವು ಅಕ್ಕಿ ಇಡು' ಎಂಬ ಮಾತು ಕೇಳುತ್ತದೆ.

ಉಳಿದ ಅಳತೆಗಳಿಗೂ ಅವುಗಳದೇ ಕಾರಣವಿದೆ. ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯಲ್ಲಿ ಕಡಲೆಕಾಯಿಯನ್ನು ಸೇರಿನಲ್ಲಿ ಅಳೆದು ಕೊಡುವುದುಂಟು. ರಾಶಿಯೆದುರು ಬಗ್ಗಿ ತುಂಬಿ ಸುರಿಯುವುದು ತಕ್ಕಡಿಗಿಂತ ಚುರುಕಿನ ಕೆಲಸ. ನೀರು ಚಿಮುಕಿಸಿದ ಮಲ್ಲಿಗೆಯನ್ನು ತೂಗಿದರೆ ನೀರಿಗೂ ಹಣ ತೆರಬೇಕು. ಮುಡಿಯುವವರಿಗೆ ಬೇಕಾದದ್ದು ಉದ್ದವೇ ಹೊರತು ಭಾರವಲ್ಲ. ಯಂತ್ರಕ್ಕಿಂತ ಮೈಯೇ ಚೆನ್ನಾಗಿ ಅಳೆಯಬಲ್ಲ ಕಡೆಗಳಲ್ಲಿ ಹಳೆಯ ಅಳತೆ ಕದಲದೆ ನಿಂತಿದೆ. ಅಲ್ಲಿ ಕೊಸರೂ ಉಳಿದಿದೆ.

ಇನ್ನೊಂದು ಜಾಗದಲ್ಲಿಯೂ ಸೇರು ನಿಂತಿದೆ. ಮದುವೆಯಾಗಿ ಬಂದ ಸೊಸೆ ಮನೆ ತುಂಬುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರನ್ನು ಇಡುತ್ತಾರೆ. ಅವಳು ಅದನ್ನು ಬಲಗಾಲಿನಿಂದ ಮೆಲ್ಲನೆ ಒದ್ದು, ಚೆಲ್ಲಿದ ಅಕ್ಕಿಯ ಮೇಲೆ ನಡೆದು ಒಳಗೆ ಬರುತ್ತಾಳೆ. ಆ ಅಕ್ಕಿ ಎಷ್ಟೆಂದು ಯಾರೂ ಲೆಕ್ಕವಿಡುವುದಿಲ್ಲ. ಅಂಗಡಿಯಲ್ಲಿ ಎಲ್ಲವನ್ನೂ ಗ್ರಾಮಿನಲ್ಲಿ ಕೊಳ್ಳುವ ಮನೆಯವರೂ ಆ ದಿನ ಹೊಸ್ತಿಲ ಮೇಲೆ ಒಂದು ಕಿಲೋ ಅಕ್ಕಿಯ ಪೊಟ್ಟಣ ಇಡುವುದಿಲ್ಲ. ಅಟ್ಟದಿಂದ ಹಿತ್ತಾಳೆಯ ಸೇರನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತೊಳೆದು, ಅಂಚು ಮೀರಿ ಗೋಪುರ ಏಳುವಂತೆ ಅಕ್ಕಿ ತುಂಬುತ್ತಾರೆ.