ಟೊಮೇಟೊ ಕಾಯಿ ಚಟ್ನಿ

ಟೊಮೇಟೊ ಕಾಯಿ ಚಟ್ನಿ ಅಥವಾ ಹಸಿರು ಟೊಮೇಟೊ ಚಟ್ನಿಯು ಹಣ್ಣಾಗದ ಟೊಮೇಟೊಗಳಿಂದ ತಯಾರಿಸುವ ಒಂದು ವ್ಯಂಜನ. ದಕ್ಷಿಣ ಭಾರತದಲ್ಲಿ ಕಾಯಿಗಳನ್ನು ಎಣ್ಣೆಯಲ್ಲಿ ಬಾಡಿಸಿ, ಮೆಣಸಿನಕಾಯಿ ಮೊದಲಾದವುಗಳೊಡನೆ ಅರೆದು, ಅಂದಂದಿಗೆ ಬಳಸುವುದು ರೂಢಿ. ಬ್ರಿಟನ್ನಿನಲ್ಲಿ ಇದೇ ಹೆಸರಿನ ಪದಾರ್ಥವನ್ನು ವಿನೆಗರ್ ಮತ್ತು ಸಕ್ಕರೆಯಲ್ಲಿ ಕುದಿಸಿ ತಿಂಗಳುಗಟ್ಟಲೆ ಕಾಪಿಡುತ್ತಾರೆ. ಗಿಡದಲ್ಲಿ ಉಳಿದು ವ್ಯರ್ಥವಾಗುವ ಕಾಯಿಗಳ ಸದ್ಬಳಕೆಗೆ ಎರಡೂ ವಿಧಾನಗಳು ನೆರವಾಗುತ್ತವೆ.

ಹಿನ್ನೆಲೆ

ಟೊಮೇಟೊ ಬದನೆಯ ಕುಟುಂಬಕ್ಕೆ ಸೇರಿದ, ದಕ್ಷಿಣ ಅಮೆರಿಕ ಮೂಲದ ಸಸ್ಯ. 16ನೆಯ ಶತಮಾನದಲ್ಲಿ ಯುರೋಪನ್ನು ಸೇರಿದ ಇದು ಅನಂತರ ಭಾರತಕ್ಕೂ ಬಂದಿತು. ಚಟ್ನಿಯ ಪಯಣ ಇದಕ್ಕೆ ವಿರುದ್ಧ ದಿಕ್ಕಿನದು. ‘ನೆಕ್ಕು’ ಎಂಬ ಅರ್ಥದ ಹಿಂದಿ ಕ್ರಿಯಾಪದದಿಂದ ಬಂದ ಈ ಪದವು ವಸಾಹತು ಕಾಲದಲ್ಲಿ ಇಂಗ್ಲಿಷ್ ಭಾಷೆಯನ್ನು ಸೇರಿತು. ಬ್ರಿಟನ್ನಿನಲ್ಲಿ ಶರತ್ಕಾಲದ ಕೊನೆಗೆ ಹಿಮ ಬೀಳುವ ಮುನ್ನ ಗಿಡಗಳನ್ನು ತೆಗೆಯಬೇಕಾಗುವುದರಿಂದ ಹಿತ್ತಿಲಿನ ಬೆಳೆಗಾರರ ಬಳಿ ಹಸಿರು ಕಾಯಿಗಳು ರಾಶಿಯಾಗಿ ಉಳಿಯುತ್ತವೆ. ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಜಿಲ್ಲೆಗಳಲ್ಲಿ ಟೊಮೇಟೊ ಮುಖ್ಯ ಬೆಳೆಯಾಗಿರುವ ಕರ್ನಾಟಕದಲ್ಲಿ ಹಿಮದ ಭಯವಿಲ್ಲ. ಆದರೆ ಗಿಡ ಕೀಳುವಾಗ ಉಳಿದ ಕಾಯಿಗಳೂ ಗಾಳಿಮಳೆಗೆ ಉದುರಿದ ಕಾಯಿಗಳೂ ಇಲ್ಲಿಯೂ ದೊರೆಯುತ್ತವೆ. ಹುಳಿರುಚಿಗಾಗಿಯೇ ಕಾಯಿಗಳನ್ನು ಕೊಳ್ಳುವವರೂ ಇದ್ದಾರೆ.

ಕಾಯಿಗಳ ಆಯ್ಕೆ

ಹಸಿರು ಕಾಯಿಗಳಲ್ಲಿ ಬಲಿತವು, ಎಳೆಯವು ಎಂದು ಎರಡು ಬಗೆ. ಕಾಯಿಯೊಂದನ್ನು ಅಡ್ಡಲಾಗಿ ಕೊಯ್ದಾಗ ಬೀಜಗಳ ಸುತ್ತ ಲೋಳೆ ತುಂಬಿದ್ದು, ಬೀಜಗಳು ಚಾಕುವಿಗೆ ಸಿಗದೆ ಜಾರಿದರೆ ಅದು ಬಲಿತ ಕಾಯಿ. ಬೀಜಗಳೂ ತುಂಡಾದರೆ ಎಳೆಯದು. ಬಲಿತ ಕಾಯಿ ಕಿತ್ತ ಮೇಲೂ ಎಥಿಲೀನ್ ಅನಿಲವನ್ನು ಉತ್ಪಾದಿಸಿ ಹಣ್ಣಾಗುತ್ತದೆ. ಬಾಳೆಹಣ್ಣಿನೊಡನೆ ಕಾಗದದ ಚೀಲದಲ್ಲಿಟ್ಟರೆ ಇದು ಬೇಗನೆ ಆಗುತ್ತದೆ. ಎಳೆಯ ಕಾಯಿ ಸರಿಯಾಗಿ ಹಣ್ಣಾಗದೆ ಸುಕ್ಕುಗಟ್ಟುತ್ತದೆ. ಆದ್ದರಿಂದ ಕೆಂಪು ತಿರುಗುತ್ತಿರುವ ಕಾಯಿಗಳನ್ನು ಹಣ್ಣಾಗಲು ಬಿಟ್ಟು, ಗಟ್ಟಿಯಾದ ಹಸಿರು ಕಾಯಿಗಳನ್ನು ಚಟ್ನಿಗೆ ಆರಿಸುವುದು ಸೂಕ್ತ. ಅಂಗಮಾರಿ ರೋಗದಿಂದ ಕಂದು ಮಚ್ಚೆ ಬಿದ್ದವನ್ನೂ ಕೊಳೆತವನ್ನೂ ಬಳಸಬಾರದು.

ತಯಾರಿಸುವ ವಿಧಾನ

ದಕ್ಷಿಣ ಭಾರತದ ಪದ್ಧತಿ: ಅರ್ಧ ಕಿಲೋ ಕಾಯಿಗೆ 8ರಿಂದ 10 ಹಸಿಮೆಣಸಿನಕಾಯಿ, 50 ಗ್ರಾಂ ಕಡಲೆಕಾಯಿ ಬೀಜ, 6 ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಮತ್ತು ರುಚಿಗೆ ಉಪ್ಪು ಬೇಕು. ಮೊದಲು ಕಡಲೆಕಾಯಿ ಬೀಜವನ್ನು ಹುರಿದು ಸಿಪ್ಪೆ ತೆಗೆಯಬೇಕು. ಎಣ್ಣೆಯಲ್ಲಿ ಜೀರಿಗೆ, ಮೆಣಸಿನಕಾಯಿ, ಬೆಳ್ಳುಳ್ಳಿಗಳನ್ನು ಹುರಿದು, ಹೆಚ್ಚಿದ ಕಾಯಿಗಳನ್ನು ಸೇರಿಸಿ, ಹಸಿವಾಸನೆ ಹೋಗಿ ನೀರು ಇಂಗುವವರೆಗೆ ಬಾಡಿಸಬೇಕು. ಆರಿದ ಬಳಿಕ ಎಲ್ಲವನ್ನೂ ತರಿತರಿಯಾಗಿ ಅರೆದು, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡುತ್ತಾರೆ. ಕಾಯಿಯೇ ಹುಳಿಯಾದ್ದರಿಂದ ಹುಣಸೆಹಣ್ಣು ಸಾಮಾನ್ಯವಾಗಿ ಬೇಡ. ಹುಳಿ ಹೆಚ್ಚಾದರೆ ಚೂರು ಬೆಲ್ಲ ಹಾಕಬಹುದು. ಕಡಲೆಕಾಯಿಯ ಬದಲು ಹುರಿದ ಎಳ್ಳನ್ನು ಬಳಸುವುದೂ ಉಂಟು. ಈ ಚಟ್ನಿ ರೊಟ್ಟಿ, ಚಪಾತಿ, ದೋಸೆ, ಬಿಸಿ ಅನ್ನಗಳಿಗೆ ಹೊಂದುತ್ತದೆ.

ಬ್ರಿಟಿಷ್ ಪದ್ಧತಿ: ಒಂದು ಕಿಲೋ ಕಾಯಿಗೆ ಸುಮಾರು ಅರ್ಧ ಕಿಲೋ ಈರುಳ್ಳಿ, ಅರ್ಧ ಕಿಲೋ ಸೇಬು, ಒಣದ್ರಾಕ್ಷಿ, ಕಂದು ಸಕ್ಕರೆ, ಶುಂಠಿ, ಉಪ್ಪು ಮತ್ತು ಅರ್ಧ ಲೀಟರಿಗೂ ಮಿಕ್ಕಿ ವಿನೆಗರ್ ಸೇರಿಸಿ, ಸಣ್ಣ ಉರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ ಬೇಯಿಸುತ್ತಾರೆ. ಸೌಟಿನಿಂದ ತಳ ಕಾಣುವಂತೆ ಎಳೆದ ಗೆರೆ ತಕ್ಷಣ ಮುಚ್ಚಿಕೊಳ್ಳದಿದ್ದರೆ ಹದ ಬಂದಿತೆಂದು ಅರ್ಥ. ಬಿಸಿಯಿರುವಾಗಲೇ ಕ್ರಿಮಿಶುದ್ಧ ಮಾಡಿದ ಗಾಜಿನ ಜಾಡಿಗೆ ತುಂಬಿ, ಕತ್ತಲಲ್ಲಿ ಒಂದೆರಡು ತಿಂಗಳಿಟ್ಟರೆ ವಿನೆಗರಿನ ಒಗರು ತಗ್ಗಿ ರುಚಿ ಹದಗೊಳ್ಳುತ್ತದೆ.

ಸುರಕ್ಷತೆ

ಹಸಿರು ಟೊಮೇಟೊದಲ್ಲಿ ಟೊಮ್ಯಾಟಿನ್ ಎಂಬ ಕಹಿ ಸಸ್ಯಕ್ಷಾರವಿದೆ. ಎಲೆ ಮತ್ತು ಕಾಂಡಗಳಲ್ಲಿ ಹೇರಳವಾಗಿಯೂ ಎಳೆಗಾಯಿಗಳಲ್ಲಿ ಹೆಚ್ಚಾಗಿಯೂ ಇರುವ ಇದು ಕಾಯಿ ಬಲಿತು ಹಣ್ಣಾದಂತೆ ಕಡಿಮೆಯಾಗುತ್ತದೆ. ಬಲಿತ ಕಾಯಿಯ ಚಟ್ನಿಯನ್ನು ಊಟದೊಡನೆ ಮಿತವಾಗಿ ತಿನ್ನುವುದರಿಂದ ಆರೋಗ್ಯವಂತರಿಗೆ ತೊಂದರೆಯಿಲ್ಲ. ತೀರ ಎಳೆಯ, ಕಹಿಯಾದ ಕಾಯಿಗಳನ್ನೂ ತೊಟ್ಟು, ಎಲೆಗಳನ್ನೂ ತೆಗೆದುಹಾಕಬೇಕು.

ಎರಡು ಪದ್ಧತಿಗಳ ಬಾಳಿಕೆಯನ್ನು ಬೆರೆಸಿಕೊಳ್ಳಬಾರದು. ಅರೆದ ಚಟ್ನಿ ಶೀತಕಪೆಟ್ಟಿಗೆಯಲ್ಲಿ ಎರಡು–ಮೂರು ದಿನ ಮಾತ್ರ ಉಳಿಯುತ್ತದೆ. ಜಾಡಿಯ ಚಟ್ನಿಯನ್ನು ಕಾಯುವುದು ವಿನೆಗರಿನ ಆಮ್ಲ ಮತ್ತು ಸಕ್ಕರೆ. ಇವುಗಳನ್ನು ಮನಬಂದಂತೆ ಕಡಿಮೆ ಮಾಡಿದರೆ ಅಪಾಯಕಾರಿ ಸೂಕ್ಷ್ಮಜೀವಿಗಳು ಬೆಳೆಯಬಹುದು. ಆಮ್ಲವು ಲೋಹದೊಡನೆ ವರ್ತಿಸುವುದರಿಂದ ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರ ಹಾಗೂ ಅಲ್ಯೂಮಿನಿಯಂ ಪಾತ್ರೆಗಳ ಬದಲು ಸ್ಟೀಲ್ ಪಾತ್ರೆಯನ್ನು ಬಳಸಬೇಕು.